ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ಹೊಗೆಯ ಕಾವಲು

ಬೆಂಗಳೂರಿನಿಂದ ಉತ್ತರಕ್ಕೆ ಹೊರಟು ಹೆಬ್ಬಾಳ, ಯಲಹಂಕ, ಚಿಕ್ಕಜಾಲಗಳನ್ನು ದಾಟಿದರೆ ಕೆಂಪು ಮಣ್ಣಿನ ಬಯಲಿನಲ್ಲಿ ದೇವನಹಳ್ಳಿಯ ಸೀಮೆಯು ತೊಡಗುತ್ತದೆ. ಹಳೆಯ ಕೋಟೆಗೂ, ಟಿಪ್ಪುಸುಲ್ತಾನನ ಜನ್ಮಸ್ಥಳವೆಂಬುದಕ್ಕೂ, ಸವಿಯಾದ ಚಕ್ಕೋತದ ಹಣ್ಣಿಗೂ ಹೆಸರಾದ ಈ ಊರಿನ ಸಮೀಪದಲ್ಲಿ 2008ನೆಯ ಇಸವಿ ಮೇ ತಿಂಗಳಲ್ಲಿ ವಿಮಾನನಿಲ್ದಾಣವು ತೆರೆಯಲ್ಪಟ್ಟಿತು. 2013ರಲ್ಲಿ ಅದಕ್ಕೆ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಹೆಸರನ್ನಿಟ್ಟರು. ಎರಡನೆಯ ಟರ್ಮಿನಲ್ಲಿನ ಉದ್ಘಾಟನೆಯು 2022ರ ನವೆಂಬರಿನಲ್ಲಿ ನಡೆಯಿತು. ಉತ್ತರದೇಶದ ಯಾತ್ರೆಗೆ ಹೊರಟ ನಾವು ಆ ಭವನದಲ್ಲಿ ಎರಡು ಮೂರು ಗಂಟೆಗಳ ಕಾಲ ಕಾದಿರಬೇಕಾಗಿ ಬಂದುದರಿಂದ, ಅದನ್ನು ಸಾವಕಾಶವಾಗಿ ನೋಡುವ ಅವಕಾಶವು ದೊರೆಯಿತು.

ಸುಮಾರು 2,55,000 ಚದರ ಮೀಟರು ವಿಸ್ತಾರದ ಈ ಟರ್ಮಿನಲ್ಲನ್ನು ವರ್ಷಕ್ಕೆ ಎರಡೂವರೆ ಕೋಟಿ ಪ್ರಯಾಣಿಕರಿಗೆ ಸಾಲುವಂತೆ ಕಟ್ಟಿರುವರು. ಒಳಗೇ ನೀರು ಧುಮುಕುತ್ತದೆ; ಗಿಡಬಳ್ಳಿಗಳು ಘಂಟೆಗಳಂತೆ ಮೇಲಿನಿಂದ ತೂಗುತ್ತವೆ; ತಲೆಯೆತ್ತಿದರೆ ಎಲ್ಲೆಲ್ಲಿಯೂ ಬಿದಿರಿನ ಹೆಣಿಗೆ. ಬಿದಿರುಮೆಳೆಗಳು ಗಾಳಿಗೆ ಒಂದಕ್ಕೊಂದು ಉಜ್ಜಿ ಕಾಳ್ಗಿಚ್ಚು ಹುಟ್ಟುವುದೆಂದು ಕವಿಗಳು ವರ್ಣಿಸಿರುವುದನ್ನು ಓದಿದವರಿಗೆ ಇದನ್ನು ಕಂಡು ಸ್ವಲ್ಪ ಶಂಕೆಯುಂಟಾಗುವುದು ಸಹಜ. ಆದರೆ ಇದು ಬೇಗನೆ ಹೊತ್ತಿಕೊಳ್ಳದಂತೆ ಸಂಸ್ಕರಿಸಿದ ಬಿದಿರು. ಆದಾಗ್ಯೂ ಸಹಸ್ರಾರು ಜನರು ಸೇರುವೆಡೆಯಲ್ಲಿ ಅಷ್ಟರಿಂದಲೇ ನಿಶ್ಚಿಂತರಾಗಿರಲು ಬಾರದು. ಇಂತಹ ಭವನಗಳಲ್ಲಿ ಅಗ್ನಿಯನ್ನು ಕಾಯುವ ಏರ್ಪಾಡು ಹೇಗಿರುತ್ತದೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು.

ತರ್ಕಶಾಸ್ತ್ರವನ್ನು ಕಲಿಯುವವನಿಗೆ ಮೊದಲ ಪಾಠವೇ ಗುಡ್ಡದ ಮೇಲಿನ ಹೊಗೆ. ಬೆಂಕಿಯು ಕಣ್ಣಿಗೆ ಬೀಳದಿದ್ದರೂ ಹೊಗೆಯನ್ನು ಕಂಡು ಅದು ಉಂಟೆಂದು ನಿಶ್ಚಯಿಸುವುದೇ ಅನುಮಾನಪ್ರಮಾಣ. ಈ ಅನುಮಾನವನ್ನೇ ಹಗಲಿರುಳು ಮಾಡುವ ಯಂತ್ರವೊಂದು ಅಂಗೈಯಗಲದ ಬಿಳಿಯ ಬಿಲ್ಲೆಯಂತೆ ಮಾಡಿನ ಅಡಿಯಲ್ಲಿ ಅಂಟಿಕೊಂಡಿರುತ್ತದೆ. ಅದರೊಳಗೆ ಕತ್ತಲೆಯ ಪುಟ್ಟ ಗೂಡು. ಅದರಲ್ಲಿ ಒಂದು ಬೆಳಕಿನ ಕಿರಣ. ಆ ಕಿರಣವು ನೇರವಾಗಿ ತಾಕದ ಕಡೆಯಲ್ಲಿ ಬೆಳಕನ್ನರಿಯುವ ಒಂದು ಕಣ್ಣು. ಹೊಗೆಯ ಕಣಗಳು ಒಳಹೊಕ್ಕೊಡನೆ, ಗವಾಕ್ಷಿಯ ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವಂತೆ, ಬೆಳಕು ಚದರಿ ಆ ಕಣ್ಣಿಗೆ ಬೀಳುತ್ತದೆ. ಆಗ ಸೂಚನೆಯು ಹೊರಡುತ್ತದೆ. ಬಹಳ ಎತ್ತರವಾದ ಹಜಾರಗಳಲ್ಲಿ ಹೊಗೆಯು ಮಾಡನ್ನು ಮುಟ್ಟುವ ಮುನ್ನವೇ ತಣಿದು ನಡುವೆ ನಿಂತುಬಿಡಬಹುದು. ಅದಕ್ಕಾಗಿ ಗೋಡೆಯಿಂದ ಗೋಡೆಗೆ ಕಣ್ಣಿಗೆ ಕಾಣದ ಕಿರಣವನ್ನು ಹಾಯಿಸಿ, ಅದು ಮಸುಕಾಯಿತೇ ಎಂದು ನೋಡುವ ಬಗೆಯೊಂದುಂಟು. ಕೊಳವೆಗಳಿಂದ ಗಾಳಿಯನ್ನು ಸದಾ ಹೀರಿ ಪರೀಕ್ಷಿಸುವ ಬಗೆ ಮತ್ತೊಂದು.

ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನವು ಕೆಡುತ್ತದೆಂದು ತಾರ್ಕಿಕರು ಎಚ್ಚರಿಸುವರಷ್ಟೆ. ಯಂತ್ರಕ್ಕೂ ಅದೇ ದೋಷ: ನೀರಿನ ಹಬೆಗೂ ಧೂಳಿಗೂ ಅದು ಮೋಸಹೋಗಬಹುದು. ತರ್ಕದಲ್ಲಿ ಹೊಗೆಬೆಂಕಿಗಳ ನಂಟಿಗೆ ದೃಷ್ಟಾಂತವಾದ ಅಡಿಗೆಮನೆಯಲ್ಲಿಯೇ ಈ ಯಂತ್ರವು ಸಲ್ಲದೆ, ಅಲ್ಲಿ ಶಾಖವನ್ನು ಅಳೆಯುವ ಬೇರೊಂದನ್ನಿಡುವರು. ಪ್ರತಿಯೊಂದು ಯಂತ್ರಕ್ಕೂ ಮನೆಗಳಿಗಿರುವಂತೆ ಒಂದು ನಂಬರು ಇರುತ್ತದೆ. ಸೂಚನೆಯು ಎಲ್ಲಿಂದ ಬಂದಿತೆಂದು ಕಾವಲಿನವರು ತಮ್ಮ ಕೋಣೆಯಲ್ಲಿಯೇ ತಿಳಿದು, ಅಲ್ಲಿಗೆ ಧಾವಿಸುವರು. ಗೋಡೆಯ ಮೇಲಿನ ಕೆಂಪು ಪೆಟ್ಟಿಗೆಯು ಮನುಷ್ಯನಿಗಾಗಿ ಇಟ್ಟುದು: ಬೆಂಕಿಯನ್ನು ಪ್ರತ್ಯಕ್ಷವಾಗಿ ಕಂಡವನು ಅದನ್ನು ಒತ್ತಿದರೆ ಸಾಕು, ಅನುಮಾನಕ್ಕೆ ಕೆಲಸವಿಲ್ಲ. ಮಾಡಿನಿಂದ ನೀರೆರಚುವ ಕೊಳವೆಗಳ ಬಾಯಿಯಲ್ಲಿ ಸಾಮಾನ್ಯವಾಗಿ 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆಯುವ ಗಾಜಿನ ಗುಳಿಗೆಯಿರುತ್ತದೆ. ಕಾಯ್ದ ಕಡೆಯದು ಮಾತ್ರ ಒಡೆಯುವುದೇ ಹೊರತು ಎಲ್ಲವೂ ಒಮ್ಮೆಗೇ ಅಲ್ಲ.

ಇಷ್ಟೆಲ್ಲ ಏತಕ್ಕೆಂದು ಕೇಳುವವರು ಜರ್ಮನಿಯ ಎರಡು ಸಂಗತಿಗಳನ್ನು ನೆನೆಯಬೇಕು. ಡ್ಯೂಸೆಲ್‌ಡಾರ್ಫಿನ ವಿಮಾನನಿಲ್ದಾಣದಲ್ಲಿ 1996ನೆಯ ಏಪ್ರಿಲ್ 11ರಂದು ಬೆಸುಗೆಯ ಕೆಲಸದಿಂದ ಹತ್ತಿದ ಬೆಂಕಿಯು 17 ಜನರ ಪ್ರಾಣವನ್ನು ತೆಗೆದುಕೊಂಡಿತು. ಬರ್ಲಿನ್ನಿನ ಹೊಸ ನಿಲ್ದಾಣವು 2012ರ ಜೂನಿನಲ್ಲಿ ತೆರೆಯತಕ್ಕುದಾಗಿದ್ದು, ಮುಖ್ಯವಾಗಿ ಅಗ್ನಿರಕ್ಷಣೆಯ ಏರ್ಪಾಡು ಸರಿಹೋಗದುದರಿಂದ 2020ರ ಅಕ್ಟೋಬರಿನವರೆಗೆ ಮುಚ್ಚಿಯೇ ಇದ್ದಿತು. ನಮ್ಮ ಬೆಂಗಳೂರಿನಲ್ಲಿಯೇ, ಹಳೆಯ ವಿಮಾನನಿಲ್ದಾಣದ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ, 2010ನೆಯ ಫೆಬ್ರವರಿ 23ರಂದು ಒಂಬತ್ತು ಮಂದಿ ಅಸುನೀಗಿದರು. ಅಲ್ಲಿ ಜನರನ್ನು ಕಂಗೆಡಿಸಿದುದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಉಸಿರುಕಟ್ಟಿದವರು ಕೆಲವರು, ತಾಳಲಾರದೆ ಮೇಲಿನಿಂದ ಹಾರಿದವರು ಕೆಲವರು.

ನಾವು ಕುಳಿತಿದ್ದ ಸ್ಥಳದಲ್ಲಿ ಓಡುವ ಮನುಷ್ಯನ ಚಿತ್ರವುಳ್ಳ ಹಸಿರು ಫಲಕವು ಬೆಳಗುತ್ತಿದ್ದಿತು. ಅದರ ಕೆಳಗೆ ಹಾದುಹೋದವರಲ್ಲಿ ಒಬ್ಬರಾದರೂ ತಲೆಯೆತ್ತಿ ನೋಡಿದುದನ್ನು ನಾವು ಕಾಣಲಿಲ್ಲ. ಎಚ್ಚರಿಕೆಯ ದನಿಯನ್ನು ಕೇಳಿದಾಗಲೂ ಮನುಷ್ಯಸ್ವಭಾವವು ಹೀಗೆಯೇ: ಪಕ್ಕದವರು ಏಳಲೆಂದು ಕಾಯುವುದು, ಪೆಟ್ಟಿಗೆಗಳನ್ನು ಎಣಿಸಿಕೊಳ್ಳುವುದು, ಬಂದ ಬಾಗಿಲಿಗೇ ಹಿಂದಿರುಗಲು ನೋಡುವುದು. ನ್ಯಾಯಶಾಸ್ತ್ರದ ವಾಕ್ಯಕ್ಕೆ ಐದು ಅವಯವಗಳು, ಕೊನೆಯದು ನಿಗಮನ. ಯಂತ್ರವು ಉಳಿದುದನ್ನೆಲ್ಲ ತೀರಿಸಿಕೊಟ್ಟರೂ ನಿಗಮನವನ್ನು ನಮ್ಮ ಕಾಲುಗಳೇ ನುಡಿಯಬೇಕು.

ಆದುದರಿಂದ ಗೃಹಸ್ಥರು ಹೆಂಡಿರು ಮಕ್ಕಳೊಡನೆ ಇಂತಹ ಸ್ಥಳಗಳಿಗೆ ಹೋದಾಗ, ಕುಳಿತೊಡನೆ ಹತ್ತಿರದ ಎರಡು ಹೊರದಾರಿಗಳನ್ನು ಮಕ್ಕಳಿಗೆ ತೋರಿಸತಕ್ಕದ್ದು. ಕರೆ ಬಂದರೆ ಸಾಮಾನುಗಳನ್ನು ಬಿಟ್ಟು ಏಳಬೇಕು, ಲಿಫ್ಟನ್ನು ಹತ್ತಬಾರದು, ಹೊಗೆ ಕವಿದರೆ ಬಾಗಿ ನಡೆಯಬೇಕು, ತಿಳಿಗಾಳಿಯು ನೆಲದ ಸಮೀಪದಲ್ಲಿರುವುದು. ಕೈಹಿಡಿದ ಮಗುವಿನ ಕೈಯನ್ನು ಮಾತ್ರ ಬಿಡಬಾರದು. ಮನೆಗೆ ಹಿಂದಿರುಗಿದ ಮೇಲೆ, ರಾತ್ರಿ ದೇವರ ದೀಪವನ್ನೂ ಒಲೆಯನ್ನೂ ನೋಡಿ ಮಲಗುವ ನಮ್ಮ ಹಿರಿಯರ ಅಭ್ಯಾಸದೊಡನೆ, ಅಂಗಡಿಗಳಲ್ಲಿ ದೊರೆಯುವ ಚಿಕ್ಕದೊಂದು ಹೊಗೆಸೂಚಕವನ್ನು ಮಲಗುವ ಕೋಣೆಯ ಬಳಿ ಇರಿಸಿಕೊಂಡರೆ ನಷ್ಟವೇನೂ ಇಲ್ಲ. ನಿದ್ರಿಸುವವನ ಮೂಗು ಹೊಗೆಯನ್ನರಿತು ಅವನನ್ನು ಎಬ್ಬಿಸುವುದೆಂದು ನಂಬಿ ಕೂಡಲಾಗದು.