ಅಬ್ಬಾನ ಕೆಂಪು ಪುಸ್ತಕ ಮತ್ತು ಡೆಬಿಯನ್

ನಮ್ಮ ಅಬ್ಬಾನದು ಗುಜರಿ ಅಂಗಡಿ. ಕಳೆದ ವರ್ಷ ತೂಕಕ್ಕೆ ಬಂದ ಸಾಮಾನಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಡಿಪ್ಲೊಮಾ ಓದುವ ಭಾಯಿಜಾನ್ ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟರು. ದುಡ್ಡು ಕೊಡಬೇಕಿಲ್ಲ, ಒಳಗೆ ಏನಿದೆ ಎಂದು ಯಾರು ಬೇಕಾದರೂ ನೋಡಬಹುದು. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಹಸಿರು ‘ಓಕೆ’ಗಳು ಸರಸರನೆ ಓಡುತ್ತಿದ್ದವು. ಅದೇನೆಂದು ಕೇಳಿದ್ದೇ ತಪ್ಪಾಯಿತು, ಅರ್ಧ ಗಂಟೆ ಪಾಠ!

ಕಂಪ್ಯೂಟರ್‌ನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸುವುದಕ್ಕೆ ‘ಇನಿಟ್’ ಎನ್ನುತ್ತಾರೆ. ಅದರ ಸಂಖ್ಯೆ 1. ಲಿನಕ್ಸ್‌ನಲ್ಲಿ ಬಹಳ ಕಾಲ ಇದ್ದದ್ದು 1983ರ ಯುನಿಕ್ಸ್ ಸಿಸ್ಟಮ್ ಫೈವ್‌ನ ಪದ್ಧತಿ. ನಮ್ಮ ಅಂಗಡಿ ತೆರೆದ ಹಾಗೆ: ಮೊದಲು ಶಟರ್, ಆಮೇಲೆ ಗುಡಿಸುವುದು, ಆಮೇಲೆ ತಕ್ಕಡಿ. ಒಂದು ನಿಂತರೆ ಹಿಂದಿನದೆಲ್ಲ ಕಾಯಬೇಕು. 2006ರಲ್ಲಿ ಉಬುಂಟುವಿನವರು ಅಪ್‌ಸ್ಟಾರ್ಟ್ ತಂದರು. 2010ರಲ್ಲಿ ಲೆನಾರ್ಟ್ ಪೊಟೆರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ತಂದರು. ಅದು ಹಲವು ಕೆಲಸಗಳನ್ನು ಒಟ್ಟಿಗೇ ಶುರು ಮಾಡುತ್ತದೆ.

ಇಷ್ಟಕ್ಕೆ ದೊಡ್ಡ ಜಗಳವೇ ಆಯಿತಂತೆ. 2014ರ ಫೆಬ್ರವರಿಯಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿಯಲ್ಲಿ ಮತಗಳು ಸಮ ಬಿದ್ದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. (ಬಿಸಿನೆಸ್ ಸ್ಟಡೀಸ್‌ನ ಕಾಸ್ಟಿಂಗ್ ವೋಟ್ ನನಗೆ ನಿಜವಾಗಿ ಅರ್ಥವಾದದ್ದು ಆಗಲೇ.) ಒಪ್ಪದವರು ಬೇರೆಯಾಗಿ ಡೆವುಆನ್ ಎಂಬುದನ್ನು ಕಟ್ಟಿಕೊಂಡರು. ಅವರ ಆಕ್ಷೇಪಗಳಲ್ಲಿ ಒಂದು ದಿನಚರಿಯದು. ಮೊದಲು ಕಂಪ್ಯೂಟರ್ ತನ್ನ ದಿನಚರಿಯನ್ನು ಸಾದಾ ಅಕ್ಷರಗಳಲ್ಲಿ ಬರೆಯುತ್ತಿತ್ತು, ಯಾವುದರಲ್ಲಿ ತೆರೆದರೂ ಓದಬಹುದಿತ್ತು. ಸಿಸ್ಟಮ್‌ಡಿಯ ದಿನಚರಿ ಓದಲು ಅದರದೇ ಉಪಕರಣ ಬೇಕು.

‘ಇಷ್ಟಕ್ಕೆಲ್ಲ ಯಾರಾದರೂ ಮನೆ ಬಿಟ್ಟು ಹೋಗುತ್ತಾರಾ?’ ಎಂದು ನಾನು ನಕ್ಕಿದ್ದೆ.

ಆ ಕಂಪ್ಯೂಟರ್‌ನಲ್ಲಿ ಅಂಗಡಿಯ ಲೆಕ್ಕ ಹಾಕತೊಡಗಿದೆ. ಅಬ್ಬಾ ಲೆಕ್ಕ ಬರೆಯುವುದು ಕೆಂಪು ರಟ್ಟಿನ ಪುಸ್ತಕದಲ್ಲಿ, ಉರ್ದುವಿನಲ್ಲಿ. ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಶೀಟ್‌ಗೆ ಹಾಕಿ, ಇನ್ನು ಪುಸ್ತಕ ಬೇಡ ಎಂದೆ. ಮೊತ್ತ ತಾನಾಗಿಯೇ ಬರುವುದನ್ನು ಕಂಡು ಅಬ್ಬಾಗೂ ಖುಷಿಯಾಗಿತ್ತು.

ಅರ್ಧವಾರ್ಷಿಕ ಪರೀಕ್ಷೆಯ ದಿನ ಹಳೆಯ ವ್ಯಾಪಾರಿಯೊಬ್ಬರು ಬಾಕಿ ಕೇಳಲು ಬಂದರಂತೆ. ನಾನು ಪರೀಕ್ಷೆ ಹಾಲಿನಲ್ಲಿದ್ದೆ, ಫೋನ್ ಮನೆಯಲ್ಲಿ. ಪರದೆಯಲ್ಲಿ ಲೆಕ್ಕ ಇದೆ, ಅಬ್ಬಾಗೆ ಓದಲು ಬರುವುದಿಲ್ಲ. ಅವರು ಹೇಳಿದಷ್ಟನ್ನೇ ಕೊಟ್ಟು ಕಳಿಸಿದ್ದಾರೆ. ಸಂಜೆ ನೋಡಿದರೆ 600 ರೂಪಾಯಿ ಹೆಚ್ಚು ಹೋಗಿತ್ತು. ಅಬ್ಬಾ ಬೈಯಲಿಲ್ಲ. ‘ಮೇರಾಚ್ ಹಿಸಾಬ್, ಮೇರೇಕೋಚ್ ನೈ ಸಮಜ್ತಾ’ ಎಂದರು. ನನ್ನದೇ ಲೆಕ್ಕ, ನನಗೇ ತಿಳಿಯುವುದಿಲ್ಲ ಎಂದು. ಬೈದಿದ್ದರೆ ಒಳ್ಳೆಯದಿತ್ತು.

ಡೆವುಆನ್‌ನವರ ಮೇಲೆ ನಕ್ಕಿದ್ದು ಆ ರಾತ್ರಿ ನೆನಪಾಯಿತು. ಭಾಯಿಜಾನ್ ಇನ್ನೊಂದು ವಿಷಯ ಹೇಳಿದರು: 2015ರಲ್ಲಿ ಸಿಸ್ಟಮ್‌ಡಿ ಬಂದ ಮೇಲೂ ಡೆಬಿಯನ್ ಸಾದಾ ಅಕ್ಷರದ ದಿನಚರಿಯನ್ನು ಕೂಡಲೇ ಕೈಬಿಡಲಿಲ್ಲ. ಅದನ್ನು ಬರೆಯುವ ಪ್ರೋಗ್ರಾಂ ತಾನಾಗಿ ಬರುವುದು ನಿಂತದ್ದು 2023ರ ಡೆಬಿಯನ್ 12ರಲ್ಲಿ.

ಈಗ ನನ್ನ ಶೀಟ್‌ನಲ್ಲಿ ಹೆಸರುಗಳು ಉರ್ದುವಿನಲ್ಲಿವೆ. ಟೈಪ್ ಮಾಡಲು ಇನ್ನೂ ತಿಣುಕಾಡುತ್ತೇನೆ. ಕೆಂಪು ಪುಸ್ತಕವೂ ನಡೆಯುತ್ತಿದೆ. ಶುಕ್ರವಾರ ರಾತ್ರಿ ಊಟವಾದ ಮೇಲೆ ಎರಡನ್ನೂ ಹೋಲಿಸಿ ನೋಡುತ್ತೇವೆ. ಕಳೆದ ವಾರ 40 ರೂಪಾಯಿ ವ್ಯತ್ಯಾಸ ಬಂತು. ತಪ್ಪಿದ್ದದ್ದು ನನ್ನ ಶೀಟ್‌ನಲ್ಲಿ.