ಸೀಸರ್ ಬಾಯಿಬಿಟ್ಟ ಕ್ಷಣ

ಕಾವಲುಗಾರ ವಿದ್ಯುತ್ ಕೋಲು ಬೀಸುತ್ತಾನೆ. ಚಿಂಪಾಂಜಿ ಸೀಸರ್ ಆ ಕೈಯನ್ನು ಗಪ್ಪನೆ ಹಿಡಿದು, ಎದೆಯಾಳದಿಂದ ಒಂದೇ ಒಂದು ಪದ ಗುಡುಗುತ್ತಾನೆ: ‘ನೋ!’ ಪಂಜರಗಳಲ್ಲಿದ್ದ ಉಳಿದ ವಾನರರೂ ಸ್ತಬ್ಧ.

2011ರ ‘ರೈಸ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’ ಗೆದ್ದದ್ದೇ ಆ ಕ್ಷಣದಲ್ಲಿ. ಅದಕ್ಕೂ ಹತ್ತು ವರ್ಷ ಮುಂಚೆ, 2001ರಲ್ಲಿ, ಟಿಮ್ ಬರ್ಟನ್ ಈ ಸರಣಿಯ ಮೂಲ ಕಥೆಯನ್ನು ಹೊಸದಾಗಿ ತೆರೆಗೆ ತಂದಿದ್ದರು. ರಿಕ್ ಬೇಕರ್ ಅವರ ಮೇಕಪ್ ಕಣ್ಣು ಕುಕ್ಕುವಂತಿತ್ತು, ಹಣವೂ ಬಂತು. ಆದರೆ ಮುಂದಿನ ಭಾಗ ಬರಲೇ ಇಲ್ಲ.

1968ರ ಮೂಲ ಚಿತ್ರದಲ್ಲಿ ಮಾತಾಡುವ ವಾನರರ ನಡುವೆ ಸಿಕ್ಕಿಬಿದ್ದವನು ಮನುಷ್ಯ. ಬಲೆಯಲ್ಲಿ ತೂಗುತ್ತಾ ಅವನು ಮೊದಲ ಬಾರಿ ಬಾಯಿಬಿಟ್ಟಾಗ ವಾನರರೇ ಬೆಚ್ಚುತ್ತಾರೆ. 2011ರ ಚಿತ್ರದ ನಿರ್ದೇಶಕ ರೂಪರ್ಟ್ ವ್ಯಾಟ್ ಅದನ್ನು ತಿರುವುಮುರುವು ಮಾಡಿದರು. ಮನುಷ್ಯನ ಆ ಹಳೆಯ ಸಂಭಾಷಣೆಯನ್ನು ಕಾವಲುಗಾರನ ಬಾಯಿಗೆ ಕೊಟ್ಟು, ಉತ್ತರವನ್ನು ಸೀಸರ್‌ಗೆ ಬಿಟ್ಟರು. ಹಳೆಯದಕ್ಕೆ ಗೌರವ ಸಲ್ಲಿಸುವುದೆಂದರೆ ಇದು! ಮೂಲ ಚಿತ್ರ ನೋಡದವನಿಗೂ ಮೈ ಜುಮ್ಮೆನ್ನುತ್ತದೆ.

ತಂತ್ರಜ್ಞಾನದ ಪಾಲೂ ದೊಡ್ಡದೇ. 1968ರ ಚಿತ್ರಕ್ಕಾಗಿ ಜಾನ್ ಚೇಂಬರ್ಸ್ ರಬ್ಬರ್ ಮುಖಗಳನ್ನು ಅಂಟಿಸಿ ಗೌರವ ಆಸ್ಕರ್ ಪಡೆದಿದ್ದರು. 2011ರಲ್ಲಿ ನಟ ಆಂಡಿ ಸರ್ಕಿಸ್ ಮುಖದ ತುಂಬಾ ಚುಕ್ಕಿ ಹಚ್ಚಿಕೊಂಡು, ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ಅಭಿನಯಿಸಿದರು. ನ್ಯೂಜಿಲೆಂಡಿನ ವೇಟಾ ಡಿಜಿಟಲ್ ತಂಡ ಆ ಒಂದೊಂದು ಹುಬ್ಬಿನ ಅಲುಗಾಟವನ್ನೂ ಚಿಂಪಾಂಜಿಯ ಮುಖಕ್ಕೆ ಇಳಿಸಿತು. ಸ್ಟುಡಿಯೋದೊಳಗಷ್ಟೇ ಅಲ್ಲ, ಹೊರಗೆ ಹಗಲ ಬೆಳಕಿನಲ್ಲೂ.

ಅಷ್ಟಾದರೂ ಪ್ರೇಕ್ಷಕರ ನೆನಪಲ್ಲಿ ಉಳಿದದ್ದು ಸೀಸರ್‌ನ ಕಣ್ಣು.