ಹತ್ತು ದಿನಕ್ಕೆಂದು ಬಂದ ಹುಡುಗಿ

ಬೇಸಿಗೆ ರಜೆ ಬಂತೆಂದರೆ ಮಲೆನಾಡಿನ ಮನೆಗಳಿಗೆ ನೆಂಟರು ತಪ್ಪಿದ್ದಲ್ಲ. ಮಗ್ಗೆಯ ನಮ್ಮ ಮನೆಯಲ್ಲೂ ಅಷ್ಟೆ. ಏಪ್ರಿಲ್ ಬಂತೆಂದರೆ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಅಕ್ಕಿ ಹಿಟ್ಟು ಮಾಡಿಸಿಟ್ಟು ಕಾಯುವುದು ನನಗೆ ರೂಢಿ. ಹಾಗಾಗಿ 2023ರಲ್ಲಿ ಬೆಂಗಳೂರಿನ ಹಾಸ್ಟೆಲಿನಿಂದ ಮಗಳು ಫೋನು ಮಾಡಿ, "ಅವ್ವಾ, ನನ್ ರೂಮಿನ ಹುಡ್ಗೀನ ಕರ್ಕೊಂಡ್ ಬರ್ತೀನಿ, ಹತ್ತೇ ದಿನ" ಎಂದಾಗ ಹೆಚ್ಚು ಯೋಚಿಸಲಿಲ್ಲ.

"ಯಾವೂರ್ ಹುಡ್ಗಿ?"

"ಮಣಿಪುರ."

"ಉಡುಪಿ ಹತ್ರಾನಾ?"

ಮಗಳು ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಮಣಿಪಾಲವೆಂದು ತಿಳಿದುಬಿಟ್ಟಿದ್ದೆ! ಇದು ಬರ್ಮಾ ಗಡಿಯ ಮಣಿಪುರ ಎಂದು ಗೊತ್ತಾದ ಮೇಲೆ ನನಗೆ ಹತ್ತಿದ್ದು ಒಂದೇ ಚಿಂತೆ. ಏನು ತಿನ್ನುತ್ತಾಳೋ, ಏನು ಬಡಿಸಲಿ? "ಅವ್ರೂ ಅನ್ನಾನೇ ತಿನ್ನೋದು, ಸುಮ್ನಿರವ್ವ" ಎಂದಳು ಮಗಳು.

ಏಪ್ರಿಲ್ 29ರ ಶನಿವಾರ ಸಂಜೆ ಇಬ್ಬರೂ ಬಂದಿಳಿದರು. ತೆಳ್ಳಗಿನ ಹುಡುಗಿ, ಮಾತು ಕಮ್ಮಿ. ಕನ್ನಡದಲ್ಲಿ "ಊಟ ಆಯ್ತಾ ಆಂಟಿ", "ಸಾಕು", "ಚೆನ್ನಾಗಿದೆ", ಇಷ್ಟು ಕಲಿತಿದ್ದಳು. ನಮ್ಮತ್ತೆಯವರಿಗೆ ಅವಳ ಹೆಸರು ನಾಲಿಗೆಗೆ ಹೊರಳಲಿಲ್ಲ. ಮೊದಲ ದಿನವೇ "ಮಗ" ಎಂದು ಕರೆಯಲು ಶುರುಮಾಡಿದರು. ಅದೇ ಉಳಿಯಿತು.

ಮರುದಿನ ಎಲ್ಲರೂ ಕಾರಿನಲ್ಲಿ ಆಲೂರು, ಹಾಸನ ದಾಟಿ ಗೊರೂರು ದಾರಿಯಲ್ಲಿ ಶೆಟ್ಟಿಹಳ್ಳಿಗೆ ಹೋದೆವು. ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಹಳೆಯ ಇಗರ್ಜಿಯನ್ನು ನೀವೂ ಚಿತ್ರದಲ್ಲಿ ನೋಡಿರುತ್ತೀರಿ. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಒಳಗೆ ನಡೆದೇ ಹೋಗಬಹುದು. ಮಗಳು ಫೋಟೋ ತೆಗೆಯುವುದರಲ್ಲಿದ್ದಳು. ಈ ಹುಡುಗಿ ಸೂರಿಲ್ಲದ ಗೋಡೆಗಳನ್ನು ನೋಡುತ್ತಾ, "ಇಲ್ಲಿದ್ದ ಜನ ಎಲ್ಲಿಗೆ ಹೋದರು?" ಎಂದು ಮಗಳ ಮೂಲಕ ಕೇಳಿದಳು. "ಅಣೆಕಟ್ಟು ಕಟ್ಟಿದಾಗ ಮುಳುಗಡೆ ಆಯ್ತು" ಎಂದೆ. "ಸಾಮಾನು ತಗೊಂಡು ಹೋಗೋಕೆ ಸಮಯ ಸಿಕ್ಕಿತ್ತಾ?" ಎಂದಳು. ಇದೆಂಥ ಪ್ರಶ್ನೆ ಅನ್ನಿಸಿತು. ಗೊತ್ತಿಲ್ಲ ಎಂದು ಬುತ್ತಿ ಬಿಚ್ಚಿದೆ.

ಮಾರನೆಯ ದಿನ ಸಕಲೇಶಪುರದ ಮಂಜರಾಬಾದ್ ಕೋಟೆಯೂ ಆಯಿತು. ಬುಧವಾರ, ಮೇ 3. ಅಂದೇ ಅವಳ ಊರಿನ ಕಡೆ ಗಲಭೆ ಹತ್ತಿಕೊಂಡಿತು. ರಾತ್ರಿ ಹೊತ್ತಿಗೆ ಅಲ್ಲಿ ಇಂಟರ್ನೆಟ್ ನಿಲ್ಲಿಸಿದ್ದರು. ಅಮ್ಮನ ಫೋನು ಸ್ವಿಚ್ ಆಫ್, ಅಪ್ಪನದೂ ಹಾಗೇ. ನಮ್ಮ ಟೀವಿಯಲ್ಲಾದರೋ ವಿಧಾನಸಭೆ ಚುನಾವಣೆ, 10ನೇ ತಾರೀಕು ಮತದಾನ, ಯಾರು ಗೆಲ್ಲುತ್ತಾರೆ ಎಂಬುದೇ ಸುದ್ದಿ. ಆ ಹುಡುಗಿ ಸುದ್ದಿ ಮುಗಿಯುವವರೆಗೂ ಕೂತು ನೋಡುತ್ತಿದ್ದಳು. ಅವಳ ಊರಿನ ಸರದಿ ಬಂದರೆ ಒಂದು ನಿಮಿಷ, ಬಾರದಿದ್ದರೆ ಇಲ್ಲ.

ಈಗ ನನ್ನ ತಪ್ಪುಗಳನ್ನು ಹೇಳಬೇಕು. ಮೊದಲನೆಯದು, ಬಡಿಸಿದ್ದು. ದುಃಖದಲ್ಲಿರುವವರಿಗೆ ತಿನ್ನಿಸಬೇಕೆಂಬುದು ನಮ್ಮ ಕಡೆಯ ಹೆಂಗಸರಿಗೆ ಹುಟ್ಟುಗುಣವೇನೋ. ಕಡುಬು, ಅಕ್ಕಿರೊಟ್ಟಿ, ಕೋಳಿ ಸಾರು, ಒಂದಾದ ಮೇಲೊಂದು. ಅವಳು "ಚೆನ್ನಾಗಿದೆ ಆಂಟಿ" ಎಂದು ಹೇಳಿ ತಟ್ಟೆಯಲ್ಲೇ ಬಿಡುತ್ತಿದ್ದಳು.

ಎರಡನೆಯದು, ಗದರಿದ್ದು. ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸರಿಯಾಗಿ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಶುಕ್ರವಾರ ರಾತ್ರಿ ಒಂಬತ್ತೂವರೆಗೆ ನೋಡುತ್ತೇನೆ, ಕತ್ತಲಲ್ಲಿ ಒಬ್ಬಳೇ ಅಲ್ಲಿ ನಿಂತಿದ್ದಾಳೆ! ನಮ್ಮ ಆಲೂರು, ಸಕಲೇಶಪುರದ ಕಡೆ ಆನೆಗಳ ಹಾವಳಿ ಎಷ್ಟೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರೂ ಮತ್ತೆ ಬಂದವು. ಅಂದು ಸಂಜೆಯೇ ಹತ್ತಿರದ ತೋಟದಲ್ಲಿ ಆನೆ ಇದೆಯೆಂದು ಸಂದೇಶ ಬಂದಿತ್ತು. ನನಗೆ ಜೀವ ಬಾಯಿಗೆ ಬಂತು. "ಬುದ್ಧಿ ಇಲ್ವಾ ನಿಂಗೆ? ಏನಾದ್ರೂ ಆದ್ರೆ ನಿಮ್ಮಪ್ಪ ಅಮ್ಮಂಗೆ ಏನ್ ಹೇಳ್ಲಿ?" ಎಂದು ಕೂಗಿಬಿಟ್ಟೆ. ಬೇರೆ ಮಾತು ಅರ್ಥವಾಗದಿದ್ದರೂ ಅಪ್ಪ, ಅಮ್ಮ ಎಂಬುದು ಅರ್ಥವಾಯಿತು. ಅವಳು ಅಲ್ಲೇ ಕುಕ್ಕರಿಸಿದಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಮರುದಿನ ನಮ್ಮವರು ಮನೆಯೆಲ್ಲ ಮೊಬೈಲ್ ಹಿಡಿದು ತಿರುಗಿ, ಅಟ್ಟದ ಕಿಟಕಿಯ ಬಳಿ ಎರಡು ಗೆರೆ ಸಿಗ್ನಲ್ ಹುಡುಕಿದರು. ಮೆಣಸಿನ ಚೀಲ ಸರಿಸಿ ಕುರ್ಚಿ ಹಾಕಿಕೊಟ್ಟರು. ಒಂದು ಮಾತೂ ಆಡದೆ ಮಾಡಿದ ಆ ಉಪಕಾರಕ್ಕೆ ನನ್ನ ಕಡುಬೆಲ್ಲ ಸಮವಲ್ಲ. ಮೇ 8ರಂದು ಆ ಕುರ್ಚಿಯಲ್ಲೇ ಗುವಾಹಟಿಯ ಚಿಕ್ಕಪ್ಪನ ಕರೆ ಸಿಕ್ಕಿತು. ಅಪ್ಪ, ಅಮ್ಮ, ತಮ್ಮ ಮೂವರೂ ನಿರಾಶ್ರಿತರ ಶಿಬಿರದಲ್ಲಿದ್ದಾರೆ. ಮನೆಯ ವಿಷಯ ಕೇಳಬೇಡ ಎಂದರಂತೆ. 12ಕ್ಕೆ ಊರಿಗೆ ಹೊರಡಬೇಕಿದ್ದ ಟಿಕೆಟ್ಟು ರದ್ದು ಮಾಡಿಸಿದೆವು.

ಈ ನಡುವೆ ಅಕ್ಕಪಕ್ಕದವರ ವಿಚಾರಣೆ. ಈಗೀಗ ನಮ್ಮ ತೋಟಗಳಲ್ಲಿ ಅಸ್ಸಾಮಿನ ಕೆಲಸದವರು ಬಹಳ. "ಹೊಸ ಆಳಾ? ಎಷ್ಟ್ ಕೂಲಿ ಕೊಡ್ತೀರಿ?" ಎಂದು ಅವಳ ಎದುರಿಗೇ ಒಬ್ಬಾಕೆ ಕೇಳಿದರು. ಇನ್ನೊಬ್ಬರಿಗೆ ಅವಳು ಯಾವ ಪಂಗಡ, ತಪ್ಪು ಯಾರದು ಎಂದು ತಿಳಿಯಬೇಕು. ಮೊದಲಿನ ಮಾತಿಗೆ ನಾನು ನಕ್ಕು ಸುಮ್ಮನಾದೆ, ಅದು ಮೂರನೆಯ ತಪ್ಪು. ಎರಡನೆಯದಕ್ಕೆ ಉತ್ತರ ಕೊಟ್ಟವರು ಅತ್ತೆ. "ನಮ್ಮನೆ ಮಗ. ಕಾಫಿ ಕುಡ್ದು ಹೋಗಿ." ಅವಳ ಪಂಗಡವನ್ನು ನಾನು ಇಲ್ಲಿಯೂ ಬರೆಯುವುದಿಲ್ಲ.

ಅವಳಿಗೆ ಕೆಲಸ ಕೊಟ್ಟವರೂ ಅತ್ತೆಯೇ. ಅತಿಥಿಗೆ ಕೆಲಸ ಹೇಳುವುದುಂಟೇ ಎಂದು ನಾನು ಅಡ್ಡಬಂದೆ. ಅವರು ಕೇಳಲಿಲ್ಲ. ಹಲಸಿನಕಾಯಿ ಹಪ್ಪಳದ ಕಾಲ. ಬಲಿತ ಕಾಯಿಯ ತೊಳೆ ಬಿಡಿಸಿ, ಬೇಯಿಸಿ, ಒಣಮೆಣಸು, ಜೀರಿಗೆ, ಉಪ್ಪು ಹಾಕಿ ಕುಟ್ಟಬೇಕು. ಬಿಸಿ ಆರುವ ಮೊದಲೇ ಉಂಡೆ ಮಾಡಿ ಒತ್ತಬೇಕು, ಆರಿದರೆ ಅಂಚು ಸೀಳುತ್ತದೆ. ಕೈಗೆ ಎಣ್ಣೆ ಹಚ್ಚಿಕೊಳ್ಳದಿದ್ದರೆ ಮೇಣ ಬಿಡುವುದಿಲ್ಲ. ಎರಡನೆಯ ದಿನಕ್ಕೇ ಅವಳ ಹಪ್ಪಳ ನನ್ನದಕ್ಕಿಂತ ದುಂಡಗಿತ್ತು. ಮಧ್ಯಾಹ್ನದ ಮೇಲೆ ಮೋಡ ಕವಿದರೆ ಚಾಪೆ ಎಳೆದುಕೊಂಡು ಓಡುವವಳೂ ಅವಳೇ.

ಹಾಗೆ ಒತ್ತುತ್ತಾ ಕೂತಿದ್ದಾಗ ಒಂದು ದಿನ ಅತ್ತೆ ತಮ್ಮ ತವರಿನ ಮಾತೆತ್ತಿದರು. ಹೇಮಾವತಿ ಹೊಳೆದಂಡೆಯ ಊರು, ಅಣೆಕಟ್ಟು 1979ರಲ್ಲಿ ಮುಗಿಯುವ ಹೊತ್ತಿಗೆ ಖಾಲಿಯಾಯಿತು. ನಾನು ಈ ಮನೆಗೆ ಬಂದು ಇಪ್ಪತ್ತೈದು ವರ್ಷ, ಅವರು ಇದನ್ನು ಹೇಳಿದ್ದು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. "ನಮ್ಮಣ್ಣ ಹೆಂಚು ಇಳಿಸ್ಕಂಡು, ಬಾಗ್ಲು ಕಿತ್ಕಂಡು ಗಾಡಿ ಮೇಲ್ ಹೇರ್ಕಂಡ್ ಬಂದ. ಬಾವಿ ತರಕ್ಕಾಯ್ತದಾ?" ಎಂದರು. ಮಗಳು ತರ್ಜುಮೆ ಮಾಡಿದಳು. ಶೆಟ್ಟಿಹಳ್ಳಿಯಲ್ಲಿ ನಾನು ಗೊತ್ತಿಲ್ಲ ಎಂದಿದ್ದ ಪ್ರಶ್ನೆಗೆ ಉತ್ತರ! ಆ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ತನ್ನಮ್ಮ ಉಟ್ಟ ಬಟ್ಟೆಯಲ್ಲಿ ಹೊರಬಂದಳೆಂದೂ, ಒಲೆಯ ಮೇಲೆ ಅನ್ನ ಇತ್ತೆಂದೂ ಹೇಳಿದಳು. ಮನೆ ಸುಟ್ಟುಹೋದದ್ದು ಅವಳಿಗೆ ಆಗಲೇ ಗೊತ್ತಿತ್ತು. ನಮಗೆ ಹೇಳಿರಲಿಲ್ಲ. ಅತ್ತೆ ಹಿಟ್ಟಿನ ಕೈಯಲ್ಲೇ ಅವಳ ತಲೆ ಮುಟ್ಟಿದರು. ಆಮೇಲೆ ಕೂದಲಿನಿಂದ ಮೇಣ ಬಿಡಿಸಲು ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಬೇಕಾಯಿತು.

ಊಟದ ಗಂಟು ಬಿಚ್ಚಿದ್ದು ಆಕಸ್ಮಿಕವಾಗಿ. ಹಿಂದಿನ ಮಳೆಗಾಲದಲ್ಲಿ ಉಪ್ಪುನೀರಿಗೆ ಹಾಕಿಟ್ಟಿದ್ದ ಕಳಲೆಯ ಜಾಡಿ ತೆಗೆದೆ. ಆ ವಾಸನೆಗೆ ಪೇಟೆಯ ನೆಂಟರು ಮೂಗು ಮುಚ್ಚುತ್ತಾರೆ. ಅವಳು ಹಿತ್ತಲಿನಿಂದ ಓಡಿಬಂದಳು. ಅವರ ಕಡೆಯೂ ಕಳಲೆಯನ್ನು ಹುಳಿ ಬರಿಸಿ ಇಡುತ್ತಾರಂತೆ. ಅಂದು ಅಡುಗೆಮನೆ ಬಿಟ್ಟುಕೊಟ್ಟೆ. ಆಲೂಗೆಡ್ಡೆ ಬೇಯಿಸಿ, ಕಳಲೆ, ಸುಟ್ಟ ಒಣಮೀನು, ನಮ್ಮ ಸೂಜಿಮೆಣಸು ಸೇರಿಸಿ ಅರೆದಳು. ನಮ್ಮವರು ಕಣ್ಣು ಒರೆಸಿಕೊಂಡು ಮೂರು ಸಲ ಹಾಕಿಸಿಕೊಂಡರು. ಅವಳೂ ಹೊಟ್ಟೆತುಂಬ ಉಂಡಳು.

ಜೂನ್ ಮಧ್ಯದಲ್ಲಿ ಕಾಲೇಜು ತೆರೆಯಿತು. ಹತ್ತು ದಿನ ಏಳು ವಾರವಾಗಿತ್ತು. ಆ ವರ್ಷ ಅವಳು ಊರಿಗೆ ಹೋಗಲಾಗಲಿಲ್ಲ, ದಸರೆಗೂ ಇಲ್ಲಿಗೇ ಬಂದಳು. ಹೊರಡುವ ದಿನ ಅತ್ತೆ ಒಂದು ದೊಡ್ಡ ಬಾಟಲಿ ಕಳಲೆ ಕಟ್ಟಿಕೊಟ್ಟರು. ಮುಚ್ಚಳ ಭದ್ರ ಮಾಡು ಎಂದು ನಾನು ಹೇಳಿಯೇ ಇದ್ದೆ. ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಅದು ಬಸ್ಸಿನಲ್ಲಿ ಸೋರಿ, ಕಂಡಕ್ಟರು ಯಾರ ಚೀಲ ಇದು ಎಂದು ಎಲ್ಲರನ್ನೂ ಕೇಳುತ್ತಾ ಬಂದರಂತೆ. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳಂತೆ. ಕೈ ಎತ್ತಿ "ನಂದು, ಅಜ್ಜಿ ಕೊಟ್ಟಿದ್ದು" ಎಂದವಳು ಆ ಹುಡುಗಿ, ಕನ್ನಡದಲ್ಲೇ.